ಪುರಿ ಎರಚಿದ ಬೀದಿ

ಹುಲಿಯೂರುದುರ್ಗದ ಬೆಟ್ಟ ಕಾಣುವ ಆ ಅಂಗಳದಲ್ಲಿ ಅವತ್ತು ಇದ್ದವರು ಇಷ್ಟು ಜನ. ಹುಣಸೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಾತ, ಒಂದು ಕಾಲದಲ್ಲಿ ಸುತ್ತಮುತ್ತ ಅವರಂಥ ತಮಟೆ ಬಡಿಯುವವರಿರಲಿಲ್ಲ. ಬಾಗಿಲಿಗೆ ಒರಗಿ, ಕೈಕಟ್ಟಿಕೊಂಡು ನಿಂತ ಅವರ ಮೊಮ್ಮಗಳು, ತುಮಕೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಕುಣಿಗಲ್‌ನಿಂದ ನಮ್ಮ ಜೊತೆ ಕಾರಿನಲ್ಲಿ ಬಂದಿದ್ದ ಪುರಿಭಟ್ಟಿಯ ಸಾಹೇಬರು. ಟ್ರೈಪಾಡಿನ ಕಾಲು ಮಟ್ಟ ಮಾಡುತ್ತಿದ್ದ ನನ್ನ ಕ್ಯಾಮೆರಾಮನ್. ಮತ್ತೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೊಣಕಾಲ ಮೇಲೆ ರೆಕಾರ್ಡರ್ ಇಟ್ಟುಕೊಂಡು ಕೂತ ನಾನು. ಆ ಸಾಕ್ಷ್ಯಚಿತ್ರಕ್ಕೆ ನಿರ್ದೇಶಕಿಯೂ ನಾನೇ, ಸೌಂಡೂ ನಾನೇ, ಡ್ರೈವರೂ ನಾನೇ.

ತಮಟೆ ಮೈಕಿನ ಶತ್ರು. ಒಂದೇಟಿಗೆ ಮೀಟರಿನ ಮುಳ್ಳು ಕೆಂಪಿಗೆ ಹಾರಿ ಸದ್ದು ಒಡೆದುಹೋಗುತ್ತದೆ. ಅದಕ್ಕೇ ಎರಡು ಮೈಕು ಇಟ್ಟಿದ್ದೆ, ಒಂದು ಹತ್ತಿರ, ಒಂದು ದೂರ ಮತ್ತು ತಗ್ಗಿಸಿದ್ದು.

"ತಾತ, ಲೆವೆಲ್ ನೋಡ್ಕೋಬೇಕು, ಸುಮ್ನೆ ನಾಲ್ಕೇಟು ಹಾಕಿ," ಎಂದೆ.

"ಯಾವ್ದು ಹಾಕ್ಲವ್ವ?"

"ಅವತ್ತು ಕುಣಿಗಲ್ ಪೇಟೇಲಿ ಬಡುದ್ರಲ್ಲ, ಅದು."

ತಾತ ಅಂಗಳದ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಹೆಣ ಎಲ್ಲವ್ವ?"

ಕ್ಯಾಮೆರಾಮನ್ ನಕ್ಕುಬಿಟ್ಟ. "ಬೇಕಾದ್ರೆ ನಾನೇ ಮಲಿಕ್ಕೋತೀನಿ ತಾತ."

ತಾತ ನಗಲಿಲ್ಲ. "ಬುಡ್ತು ಅನ್ನು ಮಗ. ಬುಡ್ತು ಅನ್ನು ಮೊದ್ಲು."

ಅವರ ದನಿ ಹೇಗಿತ್ತೆಂದರೆ ಯಾವುದಕ್ಕೂ ಬಗ್ಗದ ನಮ್ಮ ಕ್ಯಾಮೆರಾಮನ್ ಕೂಡ ಲೆನ್ಸ್ ಬಿಟ್ಟು ಎದ್ದು ನಿಂತು "ಬಿಡ್ತು, ಬಿಡ್ತು" ಅಂದ. ಹೆಡ್‌ಫೋನಿನಲ್ಲಿ ಅದು ನನ್ನ ತಲೆಯೊಳಗೇ ಯಾರೋ ಅಂದಂತೆ ಕೇಳಿಸಿತು. ಆ ಸಿನಿಮಾದ ಕೆಲಸದಲ್ಲಿ ನಾನು ಮೊದಲ ಸಲ ಹೆದರಿದ್ದು ಆಗ. ಸಾವಿನ ಬಡಿತವನ್ನು ಸಾವಿಲ್ಲದೆ ಬಡಿಯಬಾರದು, ಬಡಿದರೆ ಅದು ಬರಿಗೈಯಲ್ಲಿ ಹೋಗುವುದಿಲ್ಲ ಅನ್ನುವುದು ಅಲ್ಲಿಯವರ ನಂಬಿಕೆ. ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಬುಡಮ್ಮ, ಇವತ್ತು ಬ್ಯಾಡ," ಎಂದರು. ಪ್ಯಾಕ್ ಮಾಡಿಕೊಂಡು ಹೊರಟೆವು.

ಕತೆ ನನಗೆ ಮೊದಲು ಸಿಕ್ಕಿದ್ದು ಈ ಸಾಹೇಬರ ಬಾಯಿಂದಲೇ. ಪುರಿ ಹುರಿಯುವುದನ್ನು ಚಿತ್ರೀಕರಿಸಲು ಅವರ ಭಟ್ಟಿಗೆ ಹೋಗಿದ್ದೆ. ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದನ್ನು ತೋರಿಸುತ್ತ ಅವರು ಹೇಳಿದರು: "ನಮ್ ಪುರಿ ಅಂದ್ರೆ ಏನಂದ್ಕೊಂಡಿದೀಯ? ಒಂದ್ಸಲ ಸರ್ಕಾರನ್ನೇ ಮಣ್ಣಿಗೆ ಕಳಿಸ್ಕೊಟ್ಟದೆ."

ತುರ್ತು ಪರಿಸ್ಥಿತಿಯ ಕಾಲ. ಯಾರೂ ಜೋರಾಗಿ ಕೆಮ್ಮುವಂತೆಯೂ ಇಲ್ಲ. ಆಗಿನ ದೊಡ್ಡ ಮುಖಂಡರೊಬ್ಬರು ಕುಣಿಗಲ್‌ಗೆ ಬರುವವರಿದ್ದರು. ಸುತ್ತಲ ಹಳ್ಳಿಗಳ ತಮಟೆಯವರೆಲ್ಲ ಬರಲೇಬೇಕು ಅಂತ ಆರ್ಡರು. ಜೀಪಿನ ಮುಂದೆ ತಮಟೆ ಹೊರಟಿತು. ಮೊದಲು ಹಬ್ಬದ ಬಡಿತ. ಪೇಟೆ ಬೀದಿಯ ತಿರುವಿನಲ್ಲಿ ಮುಂದಿದ್ದ ಯುವಕನೊಬ್ಬ ಕೈ ಬದಲಿಸಿದ. ಉಳಿದವರೂ ಬದಲಿಸಿದರು. ಅದು ಸಾವಿನ ಬಡಿತ.

"ಜೀಪಲ್ಲಿದ್ದೋರ್ಗೆ ಏನ್ ಗೊತ್ತಾಗ್ತದೆ? ಅವರ್ಗೆ ಎಲ್ಲಾ ತಮಟೇನೂ ಒಂದೇ," ಎಂದರು ಸಾಹೇಬರು. "ಬೀದಿಗೆ ಗೊತ್ತಾಯ್ತು. ಎದುರುಗಡೆ ಅಂಗಡಿ ಶೆಟ್ರು ಒಂದ್ ಮಾತಾಡ್ಲಿಲ್ಲ, ಬಾಗ್ಲು ಅರ್ಧ ಎಳುದ್ರು. ಹೆಣ ಹೋಗೋವಾಗ ಎಳೀತೀವಲ್ಲ, ಹಂಗೆ. ಅವರ ಪಕ್ಕದೋರು, ಅವರ ಪಕ್ಕದೋರು. ಜನ ಎಲ್ಲಾ ಚಪ್ಲಿ ಬಿಟ್ಟು ಎದ್ದು ನಿಂತ್ರು. ನಮ್ ಅಬ್ಬಾಜಾನ್ ಪುರಿ ಮೂಟೆ ಹೊಲಿಗೆ ಕಿತ್ತು ಬೀದಿಗೆ ತಳ್ಳುದ್ರು, ತಗೊಳ್ಳಿ ಅಂತ. ಹೆಣದ ಮ್ಯಾಲೆ ಎರಚ್ದಂಗೆ ಬೊಗಸೆ ಬೊಗಸೆ ಎರಚುದ್ರು ಕಣಮ್ಮ, ಜೀಪಿನ ಮ್ಯಾಲೆ! ಆಯಪ್ಪ ಕೈ ಮುಗೀತಾವ್ನೆ. ಹಾರಕ್ಕೆ ಸಿಕ್ಕೊಂಡಿದ್ದ ಪುರಿ ಒಂದ್ ತೆಗೆದು ಬಾಯಿಗೂ ಹಾಕ್ಕೊಂಡ!"

"ಪೊಲೀಸ್ನೋರು?"

"ಹೊರಗ್ನೋರೇ ಜಾಸ್ತಿ. ಇಲ್ಲಿಯೋನು ಒಬ್ಬ ಪೇದೆ ಇದ್ದ. ಟೋಪಿ ತೆಗೆದು ಕಂಕ್ಳಲ್ಲಿ ಇಟ್ಕೊಂಡ. ಯಾಕಲೇ ಅಂದ್ರೆ ಸೆಕೆ ಅಂದ."

ಜೀಪು ಕೆರೆ ಏರಿ ದಾಟುವ ತನಕ ಯಾರೂ ನಗಲಿಲ್ಲವಂತೆ. ದಾಟಿದ ಮೇಲೂ ಯಾರೂ ಹೊರಗೆ ಬಾಯಿಬಿಡಲಿಲ್ಲ. ಯಾವ ಪೇಪರಿನಲ್ಲೂ ಬರಲಿಲ್ಲ. ಬಂದಿದ್ದರೆ ಏನು ಬರೆಯುವುದು, 'ಜನ ಎದ್ದು ನಿಂತು ಗೌರವಿಸಿದರು' ಅಂತ ತಾನೆ? ಬಾಯಿ ಮುಚ್ಚಿದ ಊರು ಮುಚ್ಚಿಯೇ ಬಿಟ್ಟಿತು. ಹಳಬರು ಒಬ್ಬೊಬ್ಬರೇ ಹೋದರು. ಕೈ ಬದಲಿಸಿದ ಆ ಯುವಕನೇ ಈಗಿನ ತಾತ.

ಆ ಬಡಿತದ ಸದ್ದಿಲ್ಲದೆ ಸಿನಿಮಾಕ್ಕೆ ಬೆನ್ನುಮೂಳೆ ಇಲ್ಲ. ತಾತ ಒಲ್ಲೆ ಅಂದ ಮೇಲೆ ಗುಬ್ಬಿಯ ತಂಡವೊಂದನ್ನು ಹಿಡಿದೆ. ವೇದಿಕೆಯ ಮೇಲೆ ಕುಣಿಯುತ್ತ ಬಡಿಯುವ ಯುವಕರು, ಒಳ್ಳೆಯ ಹುಮ್ಮಸ್ಸಿನವರು. ಕೆರೆಯಂಚಿನ ಮಾವಿನ ತೋಪಿನಲ್ಲಿ ರೆಕಾರ್ಡ್ ಮಾಡಿ ತಂದು ಸಾಹೇಬರ ಕಿವಿಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗದೆ. ಆದ್ರೆ ಇದ್ರಲ್ಲಿ ಹೆಣ ಎದ್ದು ಕುಣೀತದೆ ಕಣಮ್ಮ."

"ಯಾಕ್ ಸಾಹೇಬ್ರೆ?"

"ಬಿಡುವಿಲ್ಲ. ಸಾವಿನ್ ಬಡಿತದಲ್ಲಿ ಮಧ್ಯ ಬಿಡುವಿರ್ತದೆ. ಆ ಬಿಡುವಲ್ಲೇ ಹೆಣ ಮುಂದುಕ್ಕೆ ಹೋಗೋದು."

ಶೆಟ್ಟಿಹಳ್ಳಿಯ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಆ ಏಟುಗಳನ್ನು ಒಂದೊಂದಾಗಿ ಕತ್ತರಿಸಿ ನಡುನಡುವೆ ಖಾಲಿ ಸೇರಿಸಿ ನೋಡಿದೆ. ಕತ್ತರಿಸಿದ ಕಡೆ ತೋಪಿನ ಹಕ್ಕಿಗಳ ದನಿ ತುಂಡಾಗಿ, ಬಿಡುವು ಬಿಡುವಿನಂತೆ ಕೇಳದೆ ಕರೆಂಟು ಹೋದಂತೆ ಕೇಳುತ್ತಿತ್ತು.

ಹಾಗೆ ತಲೆ ಕೆಡಿಸಿಕೊಂಡು ಕೂತಿದ್ದ ಒಂದು ಬೆಳಗ್ಗೆ ಫೋನ್ ಬಂತು. ಆ ಮುಖಂಡರು ಈಗಿಲ್ಲ. ಫೋನ್ ಮಾಡಿದವರು ಅವರ ಮಗ.

"ನಮಸ್ಕಾರ ಮೇಡಂ. ತಿಂಡಿ ಆಯ್ತಾ? ನಮ್ ತಂದೆಯವ್ರ ಬಗ್ಗೆ ಏನೋ ಪಿಕ್ಚರ್ ತೆಗೀತಿದೀರಂತೆ. ಸಂತೋಷ. ಫೋಟೋ ಗೀಟೋ ಬೇಕಿದ್ರೆ ಮನೇಲಿ ಆಲ್ಬಂ ಇದೆ."

"ಅದು ಅವರ ಬಗ್ಗೆ ಅಲ್ಲ ಸರ್..."

"ಗೊತ್ತು ಬಿಡಿ. ಬದುಕಿದ್ ಮನುಷ್ಯನ್ನ ಹೆಣ ಮಾಡಿ ಮೆರವಣಿಗೆ ತೆಗೆದ್ ಕತೆ." ದನಿ ಒಂದಿಷ್ಟೂ ಏರಲಿಲ್ಲ. "ಆ ತಾತನ ಮೊಮ್ಮಗಳು ನಮ್ ಕಾಲೇಜಲ್ಲೇ ಅಲ್ವಾ ಪಾಠ ಮಾಡೋದು? ಬಾಳ ಒಳ್ಳೆ ಹುಡ್ಗಿ. ಇನ್ನೂ ಪರ್ಮನೆಂಟ್ ಆಗಿಲ್ಲ, ಪಾಪ. ಇರ್ಲಿ. ಮನೆ ಶೆಟ್ಟಿಹಳ್ಳೀಲೇ ಅಲ್ವಾ ನಿಮ್ದು? ಗೇಟಿಗೆ ಹೊಸ ಪೇಂಟ್ ಚೆನ್ನಾಗಿದೆ."

ಗೇಟಿಗೆ ಪೇಂಟ್ ಹೊಡೆಸಿ ವಾರವೂ ಆಗಿರಲಿಲ್ಲ.

'ಹೆದರೋರ ಮೇಲೆ ಕಪ್ಪೆ ಎಸೆದರಂತೆ' ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಕಪ್ಪೆ ಬಿದ್ದ ಜಾಗ ಹೇಗೆ ತಣ್ಣಗಿರುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. ಕುಕ್ಕರ್ ಕೂಗಿದರೆ ಎದೆ ಹಾರುವುದು. ಬೀದಿಯ ಕೊನೆಯಲ್ಲಿ ಬೂದು ಬಣ್ಣದ ಕಾರೊಂದು ನಿಲ್ಲತೊಡಗಿತು. ಅದು ಯಾರದೋ ನೆಂಟರದ್ದಿರಬಹುದು. ಇರಬಹುದು ಅಂದುಕೊಂಡೇ ಹಿಂಬಾಗಿಲಿನಿಂದ ಓಡಾಡತೊಡಗಿದೆ. ಇದುವರೆಗಿನ ಚಿತ್ರೀಕರಣವನ್ನೆಲ್ಲ ಇನ್ನೊಂದು ಹಾರ್ಡ್‌ಡಿಸ್ಕಿಗೆ ಇಳಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಉಪ್ಪಾರಹಳ್ಳಿಯ ನಮ್ಮ ಅತ್ತೆಯ ಮನೆಯ ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಟ್ಟೆ. ಮರುದಿನವೇ ಅತ್ತೆಯ ಫೋನು.

"ಮುದ್ದೆಗೆ ಹಿಟ್ಟು ತಗಿಯಕ್ ಹೋದ್ರೆ ಏನೋ ಗಟ್ಟಿ ಸಿಕ್ತು ಕಣೇ. ಬಾಂಬ್ ಗೀಂಬ್ ಅಲ್ಲ ತಾನೆ?"

"ಸಿನಿಮಾ ಅತ್ತೆ."

"ಥೂ, ಹಾಳಾದೋಳೇ. ಸಿನಿಮಾನ ಯಾರಾದ್ರೂ ಹಿಟ್ನಲ್ಲಿ ಇಡ್ತಾರಾ? ಹುಳ ಬೀಳ್ತದೆ."

ನಗುತ್ತಲೇ ಎದ್ದು ಹಿಂಬಾಗಿಲ ಚಿಲಕ ಇನ್ನೊಮ್ಮೆ ನೋಡಿ ಬಂದೆ. ನನ್ನ ಗೇಟಿನ ಪೇಂಟು ಹೋದರೆ ಹೋಗಲಿ. ಆ ಹುಡುಗಿಯ ಕೆಲಸ ಹೋದರೆ? ಆ ಮನೆಯಲ್ಲಿ ಸಂಬಳ ಅಂತ ತರುತ್ತಿದ್ದವಳು ಅವಳೊಬ್ಬಳೇ. ಫೋನಿನ ವಿಷಯ ಅವಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಕ್ಯಾಮೆರಾಮನ್‌ಗೆ ಮಾತ್ರ ಹೇಳಿದೆ.

"ತಾತನ ಮುಖ ತೋರ್ಸೋದು ಬೇಡ ಬಿಡಿ," ಎಂದ ಅವನು. "ಕಿಟಕಿಗೆ ಬೆನ್ನು ಮಾಡಿ ಕೂರ್ಸಿ ಇನ್ನೊಂದ್ಸಲ ಮಾತಾಡ್ಸೋಣ. ಬರೀ ಕಪ್ಪು ಆಕಾರ ಕಾಣತ್ತೆ. ದನಿ ಸ್ವಲ್ಪ ದಪ್ಪ ಮಾಡಿದ್ರೆ ಅವರ ಮನೇವ್ರಿಗೂ ಗುರುತು ಸಿಗಲ್ಲ."

ಸರಿ, ಮತ್ತೆ ಹುಲಿಯೂರುದುರ್ಗದ ದಾರಿ. ಹಿಂದೆ ಬರುವ ಪ್ರತಿ ಕಾರನ್ನೂ ಮುಂದೆ ಬಿಡುತ್ತ ಹೋದೆ. ಎಮ್ಮೆಗಾಡಿಯ ವೇಗದಲ್ಲಿ ಓಡಿಸುತ್ತಿದ್ದೀನಿ ಅಂತ ಕ್ಯಾಮೆರಾಮನ್ ಗೊಣಗಿದ. ಮನೆಯೊಳಗೆ ಒಂದೇ ಕಿಟಕಿ. ತಾತನನ್ನು ಅದಕ್ಕೆ ಬೆನ್ನು ಕೊಟ್ಟು ಕೂರಿಸಿ, ಅಂಗಿಯ ಒಳಗೆ ಗುಂಡಿ ಮೈಕು ಸಿಕ್ಕಿಸಿ, ಬೆಳಕಿಗೆ ತಕ್ಕಂತೆ ಲೆನ್ಸ್ ಕಿರಿದು ಮಾಡಿದೆವು. ಭಾನುವಾರವಾದ್ದರಿಂದ ಮೊಮ್ಮಗಳೂ ಇದ್ದಳು.

"ಎಲ್ಲಿ, ನಂದು ಹೆಂಗ್ ಕಾಣ್ತದೆ ತೋರ್ಸು ಮಗ," ಎಂದರು ತಾತ. ಕ್ಯಾಮೆರಾಮನ್ ಮಾನಿಟರ್ ತಿರುಗಿಸಿದ. ತಾತ ಬಗ್ಗಿ ನೋಡಿದರು. "ಇದ್ಯಾರ್ಲಾ ಇದು? ದೆವ್ವನಾ?"

ಮೊಮ್ಮಗಳು ನನ್ನ ಕಡೆ ತಿರುಗಿದಳು. "ಯಾಕ್ ಮೇಡಂ ಹಿಂಗೆ? ಹೋದ್ಸಲ ಹೊರಗೆ ಕೂರ್ಸಿದ್ರಿ."

ಇನ್ನು ಮುಚ್ಚಿಡಲು ಆಗಲಿಲ್ಲ. ಫೋನ್ ಬಂದದ್ದು, ಕಾಲೇಜಿನ ಮಾತು, ಪರ್ಮನೆಂಟಿನ ಮಾತು, ಎಲ್ಲ ಹೇಳಿದೆ. ಅವಳು ಗೋಡೆ ಹಿಡಿದು ನಿಂತಳು.

ತಾತ ಕೇಳಿದ್ದೇ ಬೇರೆ. "ಅವ್ನ್ ಮಗ ಏನಂದ ಅಂದೆ?"

"ಅವರಪ್ಪ ಬದುಕಿದ್ದಾಗ್ಲೇ ಸಾವಿನ ಬಡಿತ ಬಡುದ್ರಿ ಅಂತ ಸಿಟ್ಟು ತಾತ."

"ಅವ್ರಪ್ಪಂಗಾ?" ತಾತನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅವ್ರಪ್ಪಂಗ್ ಯಾರು ಬಡುದ್ರು? ನಮ್ ತಮ್ಮಂಗಲ್ವಾ ಬಡುದಿದ್ದು."

ಮೊಮ್ಮಗಳೂ ಈ ಮಾತು ಕೇಳುತ್ತಿದ್ದದ್ದು ಅದೇ ಮೊದಲು.

ತಾತನ ತಮ್ಮ ಮೂಟೆ ಹೊರಲು ಗುಬ್ಬಿ ಸಂತೆಗೆ ಹೋಗಿದ್ದ. ಇನ್ನೂ ಮದುವೆಯಾಗಿರಲಿಲ್ಲ. ಸಂತೆಯಿಂದ ಜನರನ್ನು ವ್ಯಾನಿಗೆ ತುಂಬಿಕೊಂಡು ಹೋಗಿ ಬಲವಂತವಾಗಿ ಮಕ್ಕಳಾಗದ ಆಪರೇಷನ್ ಮಾಡಿಸುತ್ತಿದ್ದ ಕಾಲ. ಅಂಥ ಕ್ಯಾಂಪುಗಳನ್ನು ಮುಂದೆ ನಿಂತು ನಡೆಸುತ್ತಿದ್ದವರು ಅದೇ ಮುಖಂಡರು. ತಮ್ಮನನ್ನೂ ಹಾಗೆ ಒಯ್ದರು. ಜ್ವರ ಹಿಡಿದು ಮನೆಗೆ ಬಂದವನು ಮತ್ತೆ ಏಳಲಿಲ್ಲ.

"ಪೊಲೀಸ್ನೋರು ಬಂದು ಬಾಗ್ಲಲ್ಲೇ ನಿಂತ್ರು. ಜನ ಸೇರಂಗಿಲ್ಲ, ತಮಟೆ ಸದ್ದು ಕೇಳುದ್ರೆ ಎಲ್ಲಾರ್ನೂ ಒಳಗ್ ಹಾಕ್ತೀವಿ ಅಂದ್ರು. ಊರಿಗೆಲ್ಲಾ ಬಡಿಯೋ ಮನೆ ನಮ್ದು. ನಮ್ ಹುಡ್ಗ ಸದ್ದಿಲ್ದೆ ಹೋದ ಕಣವ್ವ. ಆಮ್ಯಾಕೆ ಆರ್ಡರ್ ಬಂತು, ಜೀಪಿನ ಮುಂದೆ ತಮಟೆ ಹೊಡೀರಿ ಅಂತ. ಪೇಟೆ ಬೀದೀಲಿ. ನಮ್ಮೋರ ಹೆಣಾನ ಪೇಟೆ ಬೀದೀಲಿ ಬುಡ್ತಿರ್ಲಿಲ್ಲ ಆಗ. ಕೆರೆ ಹಿಂದ್ಲಿಂದ ಸುತ್ತಾಕ್ಕೊಂಡು ಹೋಗ್ಬೇಕು. ಅವತ್ತು ಬೀದಿಗೆ ಕಾಲಿಟ್ಟೆ ನೋಡು, ಈಗ್ಲೇ ಅಂತ ಅನ್ನುಸ್ತು. ಬಡುದೆ. ಅಂಗಡಿ ಬಾಗ್ಲು ಅರ್ಧ ಮುಚ್ಚುದ್ರು. ಶೆಟ್ರು ಎದ್ ನಿಂತ್ರು, ಗೌಡ್ರು ಚಪ್ಲಿ ಬುಟ್ರು, ಸಾಬ್ರು ಪುರಿ ಸುರುದ್ರು. ಜೀಪ್ನೋನ್ಗೆ ಅಂದ್ಕೊಂಡೇ ಮಾಡುದ್ರು. ಅಂದ್ಕೊಳ್ಳಿ. ನಮ್ ತಮ್ಮ ಹೋದ, ಪೇಟೆ ಬೀದೀಲಿ."

ಜೀಪಿನಲ್ಲಿದ್ದವರಿಗೆ ಸ್ವಾಗತ ಅನ್ನಿಸಿತ್ತು. ಊರಿಗೆ ಅಣಕ ಅನ್ನಿಸಿತ್ತು. ಇಷ್ಟು ವರ್ಷ ಊರೂ ತಪ್ಪು ತಿಳಿದಿತ್ತು, ಊರಿನ ಮಾತು ಕೇಳಿ ನಾನೂ ತಪ್ಪು ತಿಳಿದಿದ್ದೆ.

"ಅದಕ್ಕೇ ಇನ್ನೊಂದ್ಸಲ ಬಡಿಯಕ್ಕಾಗಕಿಲ್ಲ," ಎಂದರು ತಾತ. "ಒಂದ್ ಸಾವಿಗೆ ಒಂದೇ ಸಲ."

ಈ ಮಾತು ಪರದೆಗೆ ಬಂದರೆ ಅದು ಅಣಕದ ಕತೆಯಲ್ಲ, ಆ ಮುಖಂಡರ ಮೇಲೆ ನೇರವಾಗಿ ಒಂದು ಸಾವಿನ ಆರೋಪ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು. "ಇದನ್ನ ಇಟ್ಕೊಳ್ಳೋದು ಬೇಡ, ಅಳಿಸಿಬಿಡೋಣ," ಎಂದೆ.

ಮೊಮ್ಮಗಳು ಗೋಡೆ ಬಿಟ್ಟು ಬಂದಳು. "ನನ್ನ ಒಂದ್ ಮಾತು ಕೇಳ್ದೆ ನನ್ ಪರವಾಗಿ ನೀವ್ಯಾಕ್ ಹೆದರ್ತೀರಾ ಮೇಡಂ? ನಂಗೂ ಹೆದ್ರಿಕೆ ಇದೆ. ಕೈ ನೋಡಿ ಬೇಕಾದ್ರೆ, ಹೆಂಗ್ ತಣ್ಣಗಿದೆ. ಆದ್ರೆ ನನ್ ಹೆದ್ರಿಕೆ ನಾನೇ ಹೆದರ್ಕೋತೀನಿ."

ತಾತನ ಬೆನ್ನ ಹಿಂದೆ ಹೋಗಿ ಕಿಟಕಿಯ ಬಾಗಿಲು ಎಳೆದಳು. ಕೋಣೆ ಕತ್ತಲಾಯಿತು. ಆಮೇಲೆ ಎದುರಿನ ತಲೆಬಾಗಿಲನ್ನು ಪೂರ್ತಿ ತೆರೆದಳು. ಮಾನಿಟರಿನಲ್ಲಿ ಆ ಕಪ್ಪು ಆಕಾರಕ್ಕೆ ಹಣೆ ಬಂತು, ಕಣ್ಣು ಬಂತು, ಬಿಳಿ ಮೀಸೆ ಬಂತು. ಕ್ಯಾಮೆರಾಮನ್ ಲೆನ್ಸ್ ತಿರುಗಿಸಿ ಫೋಕಸ್ ಹಿಡಿದ.

"ಈಗ ಹೇಳು ತಾತ," ಎಂದಳು. "ಮೊದ್ಲಿಂದ."

ಆಮೇಲೆ ನನಗೊಂದು ಷರತ್ತು ಹಾಕಿದಳು: "ನಮ್ಮಪ್ಪ ತಮಟೆ ಬಿಟ್ಟಿದ್ದು ಬೇಕು ಅಂತಲೇ, ಜನ ಅದ್ರಿಂದ್ಲೇ ನಮ್ ಜಾತಿ ಗುರುತಿಸ್ತಾರೆ ಅಂತ. ಪೋಸ್ಟರಲ್ಲೂ ತಾತನ ಕೈಗೆ ಅದನ್ನ ಕೊಡ್ಬಾರ್ದು." ಒಪ್ಪಿದೆ.

ಎಡಿಟಿಂಗ್‌ಗೆ ಕೂತಾಗ ಗುಬ್ಬಿಯವರ ರೆಕಾರ್ಡಿಂಗನ್ನು ತೆಗೆದುಹಾಕಿದೆ. ತಾತನ ಮಾತು ಮುಗಿದ ಮೇಲೆ ಪರದೆಯಲ್ಲಿ ಪೇಟೆ ಬೀದಿಯೊಂದೇ ಇರುತ್ತದೆ. ಸದ್ದು ಇಲ್ಲ. ಸೌಂಡಿನವರಿಗೆ ಖಾಲಿ ಜಾಗ ಕಂಡರೆ ಮೈ ನಡುಗುತ್ತದೆ. ಏನೂ ಇಲ್ಲದ ಕಡೆಯೂ ನಾವು ಗಾಳಿಯದೋ ಫ್ಯಾನಿನದೋ ಒಂದು ತೆಳು ಸದ್ದು ಹಾಸಿರುತ್ತೇವೆ. ಇಲ್ಲಿ ಅದನ್ನೂ ತೆಗೆದೆ. ಒಂದು ಹೆಣ ಒಂದು ಬೀದಿ ದಾಟುವಷ್ಟು ಹೊತ್ತಿನ ಬಿಡುವು.

ಮೊದಲ ಪ್ರದರ್ಶನ ಕುಣಿಗಲ್‌ನಲ್ಲೇ ಆಗಬೇಕು ಎಂದರು ತಾತ. ಮಾತಾಡಿಟ್ಟಿದ್ದ ಸಭಾಂಗಣದವರು ಹಿಂದಿನ ದಿನ ಫೋನ್ ಮಾಡಿ, ವೈರಿಂಗ್ ಕೆಟ್ಟಿದೆ ಎಂದರು. ಅವರ ದನಿಯಲ್ಲೂ ನನ್ನ ದನಿಯಲ್ಲಿದ್ದ ಹೆದರಿಕೆಯೇ ಇತ್ತು, ಬೈಯಲು ಮನಸ್ಸು ಬರಲಿಲ್ಲ. ಸಾಹೇಬರು ಭಟ್ಟಿಯ ಗೋಡೌನಿನಲ್ಲಿ ಮೂಟೆಗಳನ್ನು ಒಂದು ಕಡೆ ಒಟ್ಟಿಸಿ ಗೋಡೆಗೆ ಸುಣ್ಣ ಬಳಿಸಿದರು. "ವೈರಿಂಗು ನಮ್ದೂ ಕೆಟ್ಟದೆ. ಆದ್ರೆ ನಮ್ಗೆ ಅಭ್ಯಾಸ," ಎಂದರು.

ಸಂಜೆ ನಮಾಜು ಮುಗಿದ ಮೇಲೆ ಜನ ಬಂದರು. ಮೂಟೆಗಳ ಮೇಲೆ, ಚಾಪೆಯ ಮೇಲೆ, ಬಾಗಿಲ ಹೊಸ್ತಿಲ ಮೇಲೆ. ಇನ್ನೇನು ಶುರು ಮಾಡಬೇಕು, ಗೋಡೌನಿನ ಮುಂದೆ ಬೂದು ಕಾರು ನಿಂತಿತು. ಮುಖಂಡರ ಮಗ ಒಬ್ಬರೇ ಇಳಿದು ಬಂದರು. ಯಾರೋ ಕುರ್ಚಿ ಕೊಟ್ಟರು. ತಾತನ ಪಕ್ಕ ಕೂತಿದ್ದ ಮೊಮ್ಮಗಳು ತಿರುಗಿ ನೋಡಿ, ಎದ್ದು ನಮಸ್ಕಾರ ಮಾಡಿ, ಮತ್ತೆ ಕೂತಳು. ನನ್ನ ಬೆರಳು ವಾಲ್ಯೂಮಿನ ಗುಂಡಿಯ ಮೇಲಿತ್ತು. ಈಗಲೂ ನಿಲ್ಲಿಸಬಹುದು, ವೈರು ಕಿತ್ತರೆ ಸಾಕು ಅಂತ ಮನಸ್ಸು ಹೇಳುತ್ತಲೇ ಇತ್ತು.

ಗೋಡೆಯ ಮೇಲೆ ತಾತ ಮಾತಾಡಿದರು. ತಮ್ಮ, ಸಂತೆ, ವ್ಯಾನು, ಜ್ವರ, ಪೊಲೀಸರು. ಮಾತು ನಿಂತಿತು. ಬೀದಿ ಬಂತು. ಸದ್ದು ಹೋಯಿತು.

"ಲೇ, ಸೌಂಡ್ ಬತ್ತಿಲ್ಲ ಕಣ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಸುಮ್ಕಿರ್ಲಾ," ಎಂದಳು ಚಾಪೆಯ ಮೇಲಿದ್ದ ಮುದುಕಿ. "ಹೆಣ ಹೋಯ್ತಾ ಐತೆ."

ಅವಳು ಮಂಡಿಗೆ ಕೈಯೂರಿ ಎದ್ದಳು. ಅವಳ ಪಕ್ಕದವರು ಎದ್ದರು. ಕತ್ತಲಲ್ಲಿ ಚಪ್ಪಲಿಗಳು ಸರಿದ ಸದ್ದಾಯಿತು. ಬಾಗಿಲ ಹತ್ತಿರ ಸಾಹೇಬರು ಕೈ ಮೇಲೆತ್ತಿ, ಗೋಡೌನಿನ ಷಟರನ್ನು ಅರ್ಧಕ್ಕೆ ಎಳೆದರು. ಅದರ ಕಿರುಗುಟ್ಟುವಿಕೆ ನನ್ನ ಖಾಲಿ ಸೌಂಡ್‌ಟ್ರ್ಯಾಕಿಗೆ ಸರಿಯಾಗಿ ಬಂದು ಕೂತಿತು.

ಮುಖಂಡರ ಮಗನೂ ಎದ್ದಿದ್ದರು. ಶೂ ಬಿಚ್ಚಿ, ಕಾಲುಚೀಲದಲ್ಲಿ ನಿಂತಿದ್ದರು. ಬೇಕೆಂದು ಎದ್ದದ್ದಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಈ ಸೀಮೆಯಲ್ಲಿ ಹುಟ್ಟಿದವನ ಕಾಲು ಹೆಣ ಬರುತ್ತಿದೆ ಅಂದರೆ ತಾನೇ ಏಳುತ್ತದೆ. ಆಮೇಲೆ ಅವರು ತಲೆ ತಗ್ಗಿಸಿ ತಮ್ಮ ಪಾದಗಳನ್ನು ನೋಡಿಕೊಂಡರು. ದೀಪ ಹತ್ತುವ ಮೊದಲೇ ಶೂ ಕೈಯಲ್ಲಿ ಹಿಡಿದು, ಅರ್ಧ ಎಳೆದಿದ್ದ ಷಟರಿನ ಕೆಳಗೆ ಬಗ್ಗಿ ಹೊರಟುಹೋದರು. ಒಂದು ಮಾತಾಡಲಿಲ್ಲ. ಮಾತಾಡಿದ್ದರೆ ನನ್ನ ಭಯ ಅಷ್ಟಿರುತ್ತಿರಲಿಲ್ಲವೇನೋ.

ಹೊಸ ವರ್ಷದ ತರಗತಿ ಶುರುವಾದಾಗ ಮೊಮ್ಮಗಳಿಗೆ ಕಾಲೇಜಿನಿಂದ ಕರೆ ಬರಲಿಲ್ಲ. ಕಾರಣವನ್ನೂ ಯಾರೂ ಹೇಳಲಿಲ್ಲ. ಕೆಲವು ತಿಂಗಳು ಮನೆಯಲ್ಲೇ ಇದ್ದಳು, ಈಗ ಗುಬ್ಬಿಯ ಒಂದು ಟ್ಯುಟೋರಿಯಲ್‌ಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನನ್ನ ಬೀದಿಯಲ್ಲಿ ಬೂದು ಕಾರು ಆಮೇಲೂ ಒಂದೆರಡು ಸಲ ನಿಂತಿತ್ತು. ನಾನು ಈಗಲೂ ಹಿಂಬಾಗಿಲಿನಿಂದಲೇ ಓಡಾಡುತ್ತೇನೆ, ಅಭ್ಯಾಸವಾಗಿದೆ.

ಆ ವರ್ಷದ ಪಿತೃಪಕ್ಷಕ್ಕೆ ತಾತ ನಮ್ಮನ್ನು ಊಟಕ್ಕೆ ಕರೆದರು. ಹಿರಿಯರ ಫೋಟೋಗಳನ್ನು ಸಾಲಾಗಿ ಇಟ್ಟು ಎಡೆ ಹಾಕಿದ್ದರು. ತಮ್ಮನದು ಒಂದು ಫೋಟೋವೂ ಇರಲಿಲ್ಲ. ಸಿನಿಮಾದಲ್ಲಿ ಸದ್ದು ನಿಲ್ಲುತ್ತದಲ್ಲ, ಆ ಬೀದಿಯ ಚಿತ್ರವನ್ನು ಮೊಮ್ಮಗಳು ನನ್ನಿಂದ ಕೇಳಿ ತೆಗೆದುಕೊಂಡಿದ್ದಳು. ಅದಕ್ಕೆ ಕಟ್ಟು ಹಾಕಿಸಿ, ಸೇವಂತಿಗೆ ಹಾರ ಹಾಕಿ ಸಾಲಿನ ಕೊನೆಯಲ್ಲಿ ಇಟ್ಟಿದ್ದರು. ಸಾಹೇಬರು ಕೊಟ್ಟುಕಳಿಸಿದ್ದ ಪುರಿಯನ್ನು ತಾತ ಒಂದು ಬೊಗಸೆ ಎಲೆಯ ತುದಿಗೆ ಹಾಕಿದರು.

"ಈಗ ಉಣ್ಣಿ," ಎಂದರು. ಕೂತೆವು.